ಮಳೆಗಾಲಕ್ಕೆ ಹಾಯಿದೋಣಿಗೆ ಟಾರ್ಪಾಲು ಕಟ್ಟಿದ್ದು

ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ನಮ್ಮ ಮನೆ ಅಂಗಳದಲ್ಲಿ ಒಂದು ಹಾಯಿದೋಣಿ ಇದೆ. ಎಂಟರ್‌ಪ್ರೈಸ್ ಅಂತ ಅದರ ಮಾದರಿಯ ಹೆಸರು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ್ದು. ನೀಲಿ ಹಾಯಿ, ಇಬ್ಬರು ಕೂರುವಷ್ಟು ಜಾಗ, ಉದ್ದ ನಾಲ್ಕು ಮೀಟರ್. ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದೆ. ಪ್ಲೈವುಡ್ಡಿನದು, ಮೇಲೆ ಬಹುಪಾಲು ತೆರೆದದ್ದು. ಹಾಗಾಗಿ ಮಳೆಗಾಲ ಅಂದರೆ ನನಗೆ ಇದರದ್ದೇ ಚಿಂತೆ.

ಮೊದಲ ವರ್ಷ ಪೇಟೆಯಿಂದ ತೆಳ್ಳಗಿನ ನೀಲಿ ಶೀಟ್ ತಂದು, ಮಂಚಕ್ಕೆ ಚಾದರ ಹೊದಿಸಿದ ಹಾಗೆ ಹೊದಿಸಿದೆ. ಮೂಲೆಯ ರಿಂಗುಗಳಿಗೆ ಹಗ್ಗ ಹಾಕಿ ಒಂದನ್ನು ತೆಂಗಿನ ಮರಕ್ಕೆ, ಉಳಿದದ್ದನ್ನು ಬೇಲಿ ಕಂಬಕ್ಕೆ ಬಿಗಿದೆ. ಜೂನ್ ಎರಡನೇ ವಾರ ಒಂದು ಬೆಳಿಗ್ಗೆ ನೋಡಿದರೆ ದೋಣಿ ನಡುವೆ ಕೆರೆ! ನಮ್ಮ ಕರಾವಳಿಯಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಸುದ್ದಿಯೇ ಅಲ್ಲ. ಆರು ಚದರ ಮೀಟರ್ ಶೀಟಿನ ಮೇಲೆ ಅಷ್ಟೂ ನಿಂತರೆ 600 ಲೀಟರ್, ಅಂದರೆ ಮೂರು ದೊಡ್ಡ ಡ್ರಮ್. ದೋಣಿಯ ತೂಕವೇ ಸುಮಾರು 90 ಕೆಜಿ. ಕೂರುವ ಹಲಗೆ ಬಿರುಕು ಬಿಟ್ಟಿತ್ತು. ಗಾಳಿಗೆ ಮರ ಓಲಾಡಿದ್ದಕ್ಕೆ ಆ ಕಡೆಯ ರಿಂಗು ಕಿತ್ತು, ಹಗ್ಗದಲ್ಲೇ ನೇತಾಡುತ್ತಿತ್ತು.

ಪಕ್ಕದ ಮನೆಯ ಮಾವ ಹಳೇ ಮೀನುಗಾರ. ಬಂದು ನೋಡಿ, "ತಮಾ, ಮರ ಒಂದು ಕಡೆ ಕುಣೀತದೆ, ದೋಣಿ ಒಂದು ಕಡೆ. ನಡುವೆ ಇದ್ದದ್ದು ಹರಿಯದೆ ಏನು ಮಾಡ್ತದೆ?" ಅಂದರು. ಅವರ ದೋಣಿ ಪ್ರತಿ ವರ್ಷ ಹೆಣೆದ ಮಡಲಿನ ಮಾಡಿನ ಕೆಳಗೆ ಆರಾಮಾಗಿರುತ್ತದೆ. ಮಗುಚಿ ಹಾಕಿಬಿಡು ಅಂತಲೂ ಕೆಲವರು ಹೇಳಿದರು. ಒಬ್ಬನೇ ಮಗುಚೋಕೆ ಆಗಲ್ಲ, ಮೇಲಿನ ಅಂಚೂ ಕೆಡುತ್ತದೆ.

ಎರಡನೇ ವರ್ಷ ಮಾಡಿದ್ದು ಹೀಗೆ. ಮೊದಲು ಹಿಂಬದಿಯಲ್ಲಿ ನೀರು ಹೊರಬಿಡುವ ತೂತಿನ ಬಿರಡೆ ತೆಗೆದೆ. ಮೂತಿಯನ್ನು ಒಂದು ಮೊಳ ಎತ್ತಿ, ಗಾಳಿ ಬರುವ ನೈರುತ್ಯಕ್ಕೆ ತಿರುಗಿಸಿ ಕೂರಿಸಿದೆ. ಒಳಗೆ ಎಷ್ಟೇ ನೀರು ಸೇರಿದರೂ ಹಿಂದಿನಿಂದ ಹರಿದು ಹೋಗಬೇಕು. ಆಮೇಲೆ ಅಡಿಕೆ ದಬ್ಬೆಯಿಂದ ಕತ್ತರಿ ಆಕಾರದ ಎರಡು ಕಾಲು ಮಾಡಿ, ಮೂತಿಗೊಂದು ಹಿಂಬದಿಗೊಂದು ನಿಲ್ಲಿಸಿದೆ. ಅದರ ಮೇಲೆ ಬಿಚ್ಚಿಟ್ಟ ಹಾಯಿಕಂಬವನ್ನೇ ಅಡ್ಡ ಮಲಗಿಸಿದೆ. ಕಂಬ ದೋಣಿಗಿಂತ ಉದ್ದ, ಎರಡೂ ಕಡೆ ಚಾಚಿಕೊಳ್ಳುತ್ತದೆ. ಮನೆಗೆ ಸೂರಿದ್ದ ಹಾಗೆ! ದೋಣಿಯ ಅಂಚಿನಿಂದ ಎರಡೂವರೆ ಅಡಿ ಎತ್ತರ ಕೊಟ್ಟೆ. ಹಂಚಿನ ಮನೆ ನೋಡಿದವರಿಗೆ ಇಳಿಜಾರು ಎಷ್ಟಿರಬೇಕು ಅಂತ ಹೇಳಿಕೊಡಬೇಕಾಗಿಲ್ಲ.

ಟಾರ್ಪಾಲೂ ಬದಲಾಯಿತು. ಅಡಿಕೆ ಒಣಗಿಸಲು ತರುವ ದಪ್ಪನೆಯ ಸಿಲ್ಪಾಲಿನ್, 200 ಜಿಎಸ್‌ಎಂನದು, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವಂಥದು. ಆದರೂ ರಿಂಗುಗಳನ್ನು ನಾನು ನಂಬುವುದಿಲ್ಲ. ಅದರ ಬದಲು ಕಲ್ಲು ಕಟ್ಟುತ್ತೇನೆ. ಹೊಳೆಯ ನುಣ್ಣನೆಯ ಕಲ್ಲು, ನಿಂಬೆಹಣ್ಣಿನ ಗಾತ್ರದ್ದು. ಅಂಚಿನಿಂದ ನಾಲ್ಕು ಬೆರಳು ಒಳಗೆ, ಟಾರ್ಪಾಲಿನ ಅಡಿಯಿಂದ ಕಲ್ಲನ್ನು ಒತ್ತಿ ಹಿಡಿಯಬೇಕು. ಮೇಲೆ ಗುಬ್ಬಿ ಬರುತ್ತದಲ್ವಾ, ಅದರ ಕುತ್ತಿಗೆಗೆ ಹಗ್ಗ ಎರಡು ಸುತ್ತು ಸುತ್ತಿ ಗಂಟು ಹಾಕಬೇಕು. ಎಳೆದಷ್ಟೂ ಬಿಗಿಯಾಗುತ್ತದೆ. ರಿಂಗಿಗೆ ತೂತು ಬೇಕು, ಹರಿಯಲು ಶುರುವಾಗುವುದು ಆ ತೂತಿನಿಂದಲೇ. ಇಲ್ಲಿ ತೂತೇ ಇಲ್ಲ. ಮೊದಲು ಸುಮ್ನೆ ಕೈಗೆ ಸಿಕ್ಕಿತೆಂದು ಗೋಟಡಿಕೆ ಹಾಕಿದ್ದೆ. ಆಷಾಢದ ಹೊತ್ತಿಗೆ ಕೊಳೆತು ಮೆತ್ತಗಾಗಿ, ಗಂಟು ಜಾರಿಹೋಯಿತು.

ಎರಡು ಅಡಿಗೊಂದರಂತೆ ಹೀಗೆ ಕಟ್ಟಿ, ಹಗ್ಗವನ್ನು ದೋಣಿಯ ಹೊಟ್ಟೆಯಡಿ ದಾಟಿಸಿ ಆಚೆ ಬದಿಯ ಕಲ್ಲಿಗೇ ಬಿಗಿದೆ. ಮರವಿಲ್ಲ, ಬೇಲಿಯಿಲ್ಲ. ಗಾಳಿ ಬಂದರೆ ದೋಣಿ, ಟಾರ್ಪಾಲು ಎರಡೂ ಒಟ್ಟಿಗೇ ಅಲುಗಬೇಕು. ಬಿಗಿಯಲು ಲಾರಿಯವರು ಲೋಡಿನ ಮೇಲೆ ಹಾಕುವ ಗಂಟು. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಆಚೆ ಬದಿಯ ಹಗ್ಗಕ್ಕೆ ಸುತ್ತಿ ತಂದು ಅದೇ ಕುಣಿಕೆಯೊಳಗೆ ತೂರಿಸಿ ಎಳೆದರೆ ಅರ್ಧ ಶ್ರಮದಲ್ಲಿ ಬಿಗಿಯಾಗುತ್ತದೆ. ಅತಿಯಾಗಿ ಎಳೆಯಲೂಬಾರದು. ಹಾಗಾಗಿ ಒಂದೊಂದು ಹಗ್ಗದ ನಡುವೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸೇರಿಸಿದ್ದೇನೆ. ಗಾಳಿ ಜಗ್ಗಿದಾಗ ಅದು ಹಿಗ್ಗಿ ಮತ್ತೆ ಕುಗ್ಗುತ್ತದೆ. ದೋಣಿಯ ಚೂಪು ಮೂಲೆಗಳಿಗೆ ಸೀಳಿದ ನೀರಿನ ಪೈಪು ತೊಡಿಸಿದೆ. ಟಾರ್ಪಾಲು ಉಜ್ಜಿ ಉಜ್ಜಿ ಸವೆಯುವುದೇ ಅಲ್ಲಿ.

ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ. ಮೊದಲ ದೊಡ್ಡ ಮಳೆ ಮುಗಿದ ಮರುದಿನವೇ ಒಂದು ಸುತ್ತು ಹೋಗಿ ಎಲ್ಲವನ್ನೂ ಮತ್ತೆ ಬಿಗಿದೆ. ರಾತ್ರಿ ಪಟಪಟ ಸದ್ದು ಕೇಳಿದರೆ ಎದ್ದು ಹೋಗಬೇಕು. ಬಡಿದುಕೊಳ್ಳುವ ಟಾರ್ಪಾಲು ಬೆಳಗಿನವರೆಗೆ ಉಳಿಯುವುದು ಕಷ್ಟ. "ಮಕ್ಕಳು ಅತ್ತರೂ ಇಷ್ಟು ಬೇಗ ಏಳ್ತಿರಲಿಲ್ಲ" ಅಂತ ಹೆಂಡತಿಯ ದೂರು.

ಎರಡೂ ತುದಿಯಲ್ಲಿ ಒಂದೊಂದು ಗೇಣು ತೆರೆದೇ ಬಿಟ್ಟಿದ್ದೆ. ಪೂರ್ತಿ ಮುಚ್ಚಿದರೆ ನಮ್ಮ ಹವೆಗೆ ಪ್ಲೈವುಡ್ಡಿಗೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಹಾಯಿ, ಹಗ್ಗ ಎಲ್ಲ ಅಟ್ಟದ ಮೇಲಿತ್ತು.

ಚೌತಿ ಮುಗಿದ ಮೇಲೆ ಬಿಚ್ಚಿದೆ. ತಳ ಒಣಗಿತ್ತು. ಬಿರಡೆಯ ತೂತಿನಿಂದ ಬಂದ ಒಂದು ಕಪ್ಪೆ ಒಳಗೆ ಸಂಸಾರ ಹೂಡಿತ್ತು. ಈ ಸಲ ಆ ತೂತಿಗೆ ಒಂದು ಚೂರು ಸೊಳ್ಳೆ ಪರದೆ ಕಟ್ಟಬೇಕು.