ಟಿಬಿ ಗುಳಿಗೆ ಕೋರ್ಸು 6 ತಿಂಗಳು ಪೂರ್ತಿ ಮುಗಿಸೋದು ಹೇಗೆ

ಮುಂಬೈಯ ಧಾರಾವಿಯಲ್ಲಿ, ಪಕ್ಕದ ಡೊಂಬಿವಲಿಯ ಹೋಟೆಲ್ ಹುಡುಗರ ರೂಮುಗಳಲ್ಲಿ ನಮ್ಮ ಕನ್ನಡದವರು ಟಿಬಿ ಗುಳಿಗೆ ಅರ್ಧಕ್ಕೆ ಬಿಡೋದನ್ನ ನೋಡಿ ನೋಡಿ ಸಂಕಟ ಆಗಿ ಇದನ್ನ ಬರೀತಿದೀನಿ. ಶುರು ಎಲ್ಲರೂ ಸರಿಯಾಗೇ ಮಾಡ್ತಾರೆ, ಎಡವೋದು ಎರಡು ತಿಂಗಳು ಕಳೆದ್ಮೇಲೆ.

ಹಂತ 1: ಎರಡು ವಾರ ಆದ್ರೂ ಕೆಮ್ಮು ನಿಲ್ಲದಿದ್ರೆ ನಿಮ್ಮ ಪಾಲಿಕೆ ದವಾಖಾನೆಗೆ (ಮುಂಬೈಯಲ್ಲಾದ್ರೆ ಬಿಎಂಸಿ) ಹೋಗಿ ಕಫ ಕೊಡಿ, ಎಂಜಲಲ್ಲ, ಎದೆಯಾಳದಿಂದ ಬಂದ ಕಫ. ಅದಕ್ಕೂ ಮುಂಚೆ ಮೆಡಿಕಲ್‌ನವರು ಕೊಟ್ಟ ಲೀವೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ನುಂಗ್ಲೇಬೇಡಿ, ಕೆಮ್ಮು ಸ್ವಲ್ಪ ತಗ್ಗಿ ಟಿಬಿ ಗೊತ್ತಾಗೋದೇ ತಡ ಆಗುತ್ತೆ.

ಹಂತ 2: ಟಿಬಿ ಇದೆ ಅಂತ ಗೊತ್ತಾದ್ರೆ ಗುಳಿಗೆ ಫ್ರೀ, ತೂಕ ನೋಡಿ ಕೊಡ್ತಾರೆ, ದಿನಾ ಒಂದೇ ಹೊತ್ತಿಗೆ ತಗೊಳ್ಳಿ. ಮೂತ್ರ ಕೇಸರಿ ಬಣ್ಣ ಆಗೋದು ಅದರಲ್ಲಿರೋ ರಿಫಾಂಪಿಸಿನ್ ಅನ್ನೋ ಔಷಧಿಯಿಂದ, ಹೆದ್ರಬೇಡಿ. ಕಣ್ಣು ಹಳದಿ ಆದ್ರೆ, ದೃಷ್ಟಿ ಮಂಜಾದ್ರೆ ಮಾತ್ರ ಅದೇ ದಿನ ಡಾಕ್ಟರ್‌ಗೆ ತೋರಿಸಿ.

ಹಂತ 3: ಎಲ್ಲರೂ ಬೀಳೋದು ಇಲ್ಲೇ. ಕೆಮ್ಮು ನಿಂತಿದೆ, ಊಟ ಸೇರ್ತಿದೆ, "ಆರಾಮ್ ಆಗೇತಿ ಅಕ್ಕಾ, ಇನ್ಯಾಕ್ರಿ ಗುಳಿಗಿ" ಅಂತಾರೆ. ಆರಾಮ್ ಆಗಿರೋದು ನಿಜ, ಯಾಕಂದ್ರೆ ಜೋರಾಗಿ ಬೆಳೀತಿದ್ದ ಬ್ಯಾಕ್ಟೀರಿಯಾ ಸತ್ತಿದೆ. ಉಳಿದಿರೋದು ನಿಧಾನ ಆಗಿ ನಮ್ಮದೇ ಜೀವಕೋಶದೊಳಗೆ ಕೂತಿರುತ್ತೆ. ಶ್ವಾಸಕೋಶದಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಕೋಶ ರೋಗಾಣುವನ್ನ ನುಂಗಿ ಒಂದು ಚೀಲದೊಳಗೆ ಹಾಕುತ್ತೆ, ಆ ಚೀಲಕ್ಕೆ ಲೈಸೋಸೋಮ್ ಅನ್ನೋ ಇನ್ನೊಂದು ಚೀಲ ಬಂದು ಕೂಡಿ ಆಸಿಡ್, ಎಂಜೈಮ್ ಸುರಿದು ಅದನ್ನ ಕರಗಿಸ್ಬೇಕು. ಟಿಬಿ ಬ್ಯಾಕ್ಟೀರಿಯಾ ಆ ಕೂಡೋದನ್ನೇ ತಡೆಯುತ್ತೆ, ಆರ್ಮ್‌ಸ್ಟ್ರಾಂಗ್ ಮತ್ತೆ ಹಾರ್ಟ್ ಅನ್ನೋ ವಿಜ್ಞಾನಿಗಳು 1971ರಲ್ಲೇ ಇದನ್ನ ತೋರಿಸಿದ್ರು. ಅದರ ಗೋಡೆಯ ಕೊಬ್ಬು, ಅದು ಹೊರಗೆ ಬಿಡೋ ಪ್ರೋಟೀನು ಎಲ್ಲಾ ಸೇರಿ ಆಸಿಡ್ ತುಂಬೋ ಪಂಪನ್ನ ಚೀಲದಿಂದ ದೂರ ಇಡ್ತವೆ, ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ) 5ರ ಹತ್ರಕ್ಕೆ ಇಳೀಬೇಕಾದ್ದು 6ರ ಮೇಲೇ ನಿಂತುಬಿಡುತ್ತೆ. ಕೆಲವು ಚೀಲವನ್ನೇ ಹರಿದು ಕೋಶದೊಳಕ್ಕೆ ನುಗ್ತವೆ. ಆಮೇಲೆ ನಮ್ಮದೇ ಕೊಲೆಸ್ಟ್ರಾಲ್ ತಿಂದ್ಕೊಂಡು ಬದುಕ್ತವೆ. ಜೋರಾಗಿ ಬೆಳೆಯೋವಾಗ್ಲೂ ಒಂದು ಎರಡಾಗೋಕೆ ಸುಮಾರು 20 ಗಂಟೆ ಬೇಕು, ಒಳಗೆ ಅಡಗಿದಾಗ ಇನ್ನೂ ನಿಧಾನ, ಐಸೋನಿಯಾಜಿಡ್ ಅನ್ನೋ ಟಿಬಿ ಔಷಧಿ ಮುಖ್ಯವಾಗಿ ಹೊಡೆಯೋದು ಬೆಳೀತಿರೋದನ್ನ, ಹಾಗಾಗಿ ಸುಮ್ನೆ ಬಿದ್ದಿರೋದು ಉಳ್ಕೊಳ್ಳುತ್ತೆ. ಅದಕ್ಕೇ ಮೊದಲ 2 ತಿಂಗಳು 4 ಔಷಧಿ, ಮುಂದಿನ 4 ತಿಂಗಳು 3 ಔಷಧಿ. ಆಗಾಗ ಎಚ್ಚರಾಗೋ ಬ್ಯಾಕ್ಟೀರಿಯಾವನ್ನ ರಿಫಾಂಪಿಸಿನ್ ಹಿಡಿಯುತ್ತೆ, ಆದ್ರೆ ಅದು ಎದ್ದ ದಿನ ಗುಳಿಗೆ ನಿಮ್ಮ ಹೊಟ್ಟೆಯಲ್ಲಿರ್ಬೇಕು. ಬಿಟ್ಟು ಬಿಟ್ಟು ತಗೊಂಡ್ರೆ ಔಷಧಿಗೆ ಬಗ್ಗದ ಟಿಬಿ ಆಗ್ಬಹುದು, ಅದರ ಕೋರ್ಸು ಬೇರೆ, ತೊಂದ್ರೆನೂ ಜಾಸ್ತಿ.

ದುಬಾರಿ ಪ್ರೋಟೀನ್ ಪೌಡರ್ ಡಬ್ಬಿಗೆ ದುಡ್ಡು ಹಾಕ್ಬೇಡಿ. ಮೊಟ್ಟೆ, ಶೇಂಗಾ, ಬೇಳೆ ತಿನ್ನಿ, ಸರ್ಕಾರ ತಿಂಗಳಿಗೆ 1000 ರೂಪಾಯಿ ಅಕೌಂಟಿಗೆ ಹಾಕೋದು ಅದಕ್ಕೇ.

ಹಂತ 4: ಜಾತ್ರೆಗೋ ಮದುವೆಗೋ ಊರಿಗೆ ಹೋಗೋದಿದ್ರೆ ಉದ್ಯಾನ್ ಎಕ್ಸ್‌ಪ್ರೆಸ್ಸೋ ಮತ್ಸ್ಯಗಂಧಾನೋ ಹತ್ತೋಕೆ ಮುಂಚೆ ದವಾಖಾನೆಗೆ ಹೇಳಿ, ನಿಕ್ಷಯ್ ಐಡಿ (ಸರ್ಕಾರದ ಟಿಬಿ ಪಟ್ಟಿಯಲ್ಲಿ ನಿಮ್ಮ ನೋಂದಣಿ) ನಂಬರ್ ಬರ್ಕೊಳ್ಳಿ. ಕಲಬುರಗಿ ಇರ್ಲಿ ಉಡುಪಿ ಇರ್ಲಿ, ಅದೇ ನಂಬರ್ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಗುಳಿಗೆ ಸಿಗುತ್ತೆ.

ಹಂತ 5: ಕೋರ್ಸು ಮುಗಿದಾಗ ಮತ್ತೆ ಕಫ ಟೆಸ್ಟ್ ಮಾಡಿಸಿ, ಆಮೇಲೆ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಹೋಗಿ ತೋರಿಸಿ.