ಪಿಸಿ ವಾಟರ್ ಕೂಲಿಂಗ್: ಹೋಸಿಗೆ ಹೀಟ್‌ಶ್ರಿಂಕ್ ಕ್ಲ್ಯಾಂಪ್ ಹಾಕುವುದು ಹೇಗೆ?

ತೋಟಕ್ಕೆ ಕಪ್ಪು ಪೈಪ್ ಎಳೆಯುವುದನ್ನು ನೋಡಿದ್ದೀರಿ ಅಲ್ವಾ? ಪೈಪಿನ ಬಾಯಿಯನ್ನು ಬೆಂಕಿಗೆ ಹಿಡಿದು ಮೆದು ಮಾಡಿ, ಬಿಸಿ ಇರುವಾಗಲೇ ಜಾಯಿಂಟಿಗೆ ಒತ್ತಿ ತೂರಿಸುತ್ತಾರೆ. ಆರಿದ ಮೇಲೆ ಎಳೆದರೂ ಬರುವುದಿಲ್ಲ. ಕೊಡಗಿನಲ್ಲಿ ಎಷ್ಟೋ ಮನೆಗೆ ತೊರೆಯ ನೀರು ಬರುವುದು ಇಂಥ ಜೋಡಣೆಗಳನ್ನು ದಾಟಿಯೇ. ಕಂಪ್ಯೂಟರಿನ ಬಿಸಿಯನ್ನು ನೀರು ಹರಿಸಿ ಇಳಿಸುವುದೇ ವಾಟರ್ ಕೂಲಿಂಗ್, ಆ ನೀರಿನ ಹೋಸ್ ಬಿಗಿಯುವಾಗಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಆದರೆ ತೋಟದಲ್ಲಿ ಸ್ವಲ್ಪ ಸೋರಿದರೆ ನಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಒಂದು ಹನಿಯೂ ಬೀಳಬಾರದು.

ಹೀಟ್‌ಶ್ರಿಂಕ್ ಕ್ಲ್ಯಾಂಪ್ ಅಂದರೆ ದಪ್ಪ ಪ್ಲಾಸ್ಟಿಕ್ಕಿನ ಬಳೆ. ಬಿಸಿ ಗಾಳಿ ತಾಗಿದರೆ ಕುಗ್ಗಿ, ಹೋಸನ್ನು ಸುತ್ತಲೂ ಒಂದೇ ಸಮ ಅಮುಕಿ ಹಿಡಿಯುತ್ತದೆ. ಇದು ಬಂದದ್ದು ಗಾಡಿಗಳ ರೇಡಿಯೇಟರ್ ಹೋಸಿಗೆಂದು. ಗೇಟ್ಸ್ ಕಂಪನಿಯ ಪವರ್‌ಗ್ರಿಪ್ ಇದರಲ್ಲಿ ಹೆಸರಾದದ್ದು. ವಯರಿನ ಜಾಯಿಂಟಿಗೆ ಹಾಕುವ ತೆಳು ಸ್ಲೀವ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಹೀಟ್‌ಶ್ರಿಂಕ್ ಅಂತ ಮಾತ್ರ ಕೇಳಿದರೆ ಆ ಸ್ಲೀವನ್ನೇ ಕೊಟ್ಟುಬಿಡುತ್ತಾರೆ. ಅದು ಬರೀ ಹೊದಿಕೆ, ನೀರಿನ ಹೋಸನ್ನು ಹಿಡಿದಿಡುವ ಬಿಗಿ ಅದಕ್ಕಿಲ್ಲ.

ಜೀಪಿಗೆ ಹಾಕುವ ಸ್ಕ್ರೂ ಕ್ಲಿಪ್ ಸಾಲದಾ ಅಂತ ಗೋಣಿಕೊಪ್ಪದ ಗೆಳೆಯರೊಬ್ಬರು ಕೇಳಿದರು. ದೊಡ್ಡ ಹೋಸಿಗೆ ಸಾಕು. ಸಣ್ಣ ಹೋಸಿನಲ್ಲಿ ಸ್ಕ್ರೂ ಕೂರುವ ಜಾಗದಲ್ಲಿ ಪಟ್ಟಿ ದುಂಡಗೆ ಬರುವುದಿಲ್ಲ, ಅಲ್ಲಿ ಒತ್ತು ಕಮ್ಮಿಯಾಗುತ್ತದೆ. ಸಾಲದು ಅಂತ ಇನ್ನೊಂದು ಸುತ್ತು ತಿರುಗಿಸಿದರೆ ಪಟ್ಟಿಯ ಅಂಚು ಮೆತ್ತನೆಯ ಹೋಸನ್ನು ಕಚ್ಚುತ್ತದೆ. ಬಳೆಯಲ್ಲಿ ಈ ಎರಡು ತೊಂದರೆಯೂ ಇಲ್ಲ.

ಆದರೆ ಒಂದು ಮಾತು ಚೆನ್ನಾಗಿ ತಿಳಿದಿರಲಿ. ಗಾಡಿಯ ಎಂಜಿನ್ ನೀರು 90 ಡಿಗ್ರಿ ಆಸುಪಾಸಿನಲ್ಲಿ ಓಡುತ್ತದೆ, ಹಾಗಾಗಿ ಅಲ್ಲಿ ಬಳೆ ಆಮೇಲೂ ಆ ಬಿಸಿಗೆ ಸ್ವಲ್ಪ ಸ್ವಲ್ಪ ಬಿಗಿಯಾಗುತ್ತಾ ಇರುತ್ತದೆ. ಪಿಸಿಯ ನೀರು ಸಾಮಾನ್ಯವಾಗಿ 35ರಿಂದ 45 ಡಿಗ್ರಿ. ಅಷ್ಟು ಬಿಸಿಗೆ ಬಳೆ ಅಲುಗುವುದೂ ಇಲ್ಲ. ಅಂದರೆ ನೀವು ಮೊದಲ ದಿನ ಎಷ್ಟು ಬಿಗಿ ಕೂರಿಸಿದಿರೋ ಅಷ್ಟೇ.

ಕೂರಿಸುವ ಕ್ರಮ

ಬಳೆ ಬೇಕಾಗುವುದು ಬಾರ್ಬ್ ಫಿಟ್ಟಿಂಗಿಗೆ ಮಾತ್ರ, ಅಂದರೆ ಉಬ್ಬು ಏಣು ಇರುವ ಮೂತಿ. ಕಂಪ್ರೆಶನ್ ಫಿಟ್ಟಿಂಗಿನಲ್ಲಿ ಬಿಗಿಯುವ ರಿಂಗ್ ಅದರಲ್ಲೇ ಬರುತ್ತದೆ. ಹೋಸ್ ಸಾಮಾನ್ಯವಾಗಿ 10/13, 10/16 ಅಥವಾ 13/19 ಮಿ.ಮೀ. ಅಳತೆಯದು. ಮೊದಲನೆಯದು ಒಳ ಅಳತೆ, ಎರಡನೆಯದು ಹೊರ ಅಳತೆ. ಬಳೆ ಕೊಳ್ಳುವಾಗ ಹೊರ ಅಳತೆ ನೋಡಬೇಕು. ಬಾರ್ಬಿನ ಮೇಲೆ ಏರಿದಾಗ ಹೋಸ್ ಇನ್ನಷ್ಟು ಉಬ್ಬುತ್ತದೆ. ಆದ್ದರಿಂದ ಒಂದು ತುಂಡನ್ನು ಫಿಟ್ಟಿಂಗಿಗೆ ಏರಿಸಿ, ಉಬ್ಬಿದ ಮೇಲೆ ವರ್ನಿಯರ್ ಹಿಡಿದು ಅಳೆಯಿರಿ.

ಹೋಸನ್ನು ಹರಿತವಾದ ಬ್ಲೇಡಿನಲ್ಲಿ ನೇರಕ್ಕೆ ಕತ್ತರಿಸಿ. ಓರೆ ಕತ್ತರಿಸಿದರೆ ಒಂದು ಪಕ್ಕ ಬಾರ್ಬಿನ ಬುಡ ಮುಟ್ಟುವುದಿಲ್ಲ. ಆಮೇಲೆ ಮೊದಲು ಬಳೆಯನ್ನು ಹೋಸಿನ ಮೇಲೆ ತೂರಿಸಿ ಹಿಂದಕ್ಕೆ ಸರಿಸಿಡಿ. ಎರಡೂ ತುದಿ ಕೂರಿಸಿಯಾದ ಮೇಲೆ ಬಳೆ ಹಾಕಲು ದಾರಿಯೇ ಇರುವುದಿಲ್ಲ. ಪಿವಿಸಿ ಹೋಸ್ ಆದರೆ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಕೈಯಲ್ಲೇ ತಿರುವುತ್ತಾ ಒತ್ತಿ ಬುಡದವರೆಗೂ ಏರಿಸಿ. ಎಣ್ಣೆ, ಗ್ರೀಸ್ ಯಾವುದೂ ಬೇಡ. ಸುಲಭವಾಗಿ ಏರಿದ್ದು ಸುಲಭವಾಗಿಯೇ ಜಾರುತ್ತದೆ.

ಇಲ್ಲೇ ಒಂದು ಪರೀಕ್ಷೆ ಮಾಡಿ. ಬಳೆ ಬಿಗಿಯುವ ಮೊದಲೇ ಹೋಸನ್ನು ಜಗ್ಗಿ ನೋಡಿ. ಸರಾಗವಾಗಿ ಕಳಚಿ ಬಂದರೆ ಅಳತೆ ತಪ್ಪಾಗಿದೆ, ಎಂಥ ಬಳೆಯೂ ಅದನ್ನು ಉಳಿಸುವುದಿಲ್ಲ. ನೀರು ತಡೆಯುವ ಕೆಲಸ ಹೋಸ್ ಮತ್ತು ಬಾರ್ಬಿನದು. ಅವೆರಡು ಕಳಚದ ಹಾಗೆ ಕಾಯುವುದಷ್ಟೇ ಬಳೆಯ ಕೆಲಸ.

ಈಗ ಬಳೆಯನ್ನು ಮುಂದಕ್ಕೆ ತನ್ನಿ. ಅದು ಕೂರಬೇಕಾದ್ದು ಬಾರ್ಬಿನ ಉಬ್ಬಿನ ಮೇಲಲ್ಲ, ಉಬ್ಬಿಗೂ ಹೋಸಿನ ತುದಿಗೂ ನಡುವೆ. ತುದಿಯಿಂದ 2–3 ಮಿ.ಮೀ. ಬಿಟ್ಟಿರಲಿ. ಉಬ್ಬಿನ ಮೇಲೆ ಕೂತರೆ ಕುಗ್ಗುವಾಗ ಜಾರಿಕೊಂಡು ಹೋಗುತ್ತದೆ.

ಬಿಸಿ ಮಾಡಲು ಹೀಟ್ ಗನ್ನೇ ಬೇಕು. ಲೈಟರ್, ಮೇಣದಬತ್ತಿ ಹಿಡಿದರೆ ಒಂದು ಕಡೆ ಸುಟ್ಟು ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿ ಈ ದಪ್ಪಕ್ಕೆ ಸಾಲುವುದಿಲ್ಲ. ನಿಮ್ಮ ಹತ್ತಿರ ಗನ್ ಇಲ್ಲದಿದ್ದರೆ ಗಾಡಿಗೆ ಸ್ಟಿಕರ್ ಅಂಟಿಸುವವರ ಹತ್ತಿರ ಕೇಳಿ. ಇದು 1,500ರಿಂದ 2,000 ವ್ಯಾಟ್ ಎಳೆಯುತ್ತದೆ, ಮನೆಯ ಸಣ್ಣ ಇನ್ವರ್ಟರಿಗೆ ಆಗುವ ಮಾತಲ್ಲ. ಕರೆಂಟ್ ಗಟ್ಟಿಯಾಗಿ ಇರುವ ಹೊತ್ತು ನೋಡಿಕೊಂಡೇ ಕೂತುಕೊಳ್ಳಿ. ಅರ್ಧಕ್ಕೆ ನಿಂತರೆ ಬಳೆ ಒಂದು ಪಕ್ಕ ಕುಗ್ಗಿ ಓರೆಯಾಗಿ ಗಟ್ಟಿಯಾಗುತ್ತದೆ.

ಗನ್ನನ್ನು ಕಡಿಮೆ ಬಿಸಿಗೆ ಇಟ್ಟು, ನಾಲ್ಕು ಬೆರಳಿನಷ್ಟು ದೂರದಿಂದ, ಒಂದು ಕಡೆ ನಿಲ್ಲಿಸದೆ ಸುತ್ತಲೂ ಆಡಿಸಿ. ಪಿವಿಸಿ ಹೋಸ್ 60 ಡಿಗ್ರಿ ದಾಟುತ್ತಲೇ ಮೆತ್ತಗಾಗುತ್ತದೆ, ಹಾಗಾಗಿ ಬಳೆಯಿಂದಾಚೆಯ ಹೋಸಿಗೆ ಒದ್ದೆ ಬಟ್ಟೆ ಸುತ್ತಿ. ಇಪಿಡಿಎಂ ರಬ್ಬರ್ ಹೋಸ್ ಆದರೆ ಈ ಹೆದರಿಕೆ ಕಡಿಮೆ, ನನ್ನ ಆಯ್ಕೆಯೂ ಅದೇ. ಬಳೆ ಸುತ್ತಲೂ ಹೋಸಿಗೆ ಅಂಟಿಕೊಂಡು, ಬೆರಳಲ್ಲಿ ತಿರುಗಿಸಲು ಬಾರದ ಹಾಗಾದರೆ ಸಾಕು. ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಎಳೆದು ನೋಡುವ ಆಸೆಯೂ ಬೇಡ.

ಕ್ಯಾಬಿನೆಟ್ಟಿನ ಒಳಗೆ ಬಿಸಿ ಗಾಳಿ ಬೇಡ

ನನ್ನ ಮೊದಲ ಮೆಷಿನಿನಲ್ಲಿ ಎಲ್ಲ ಜೋಡಿಸಿದ ಮೇಲೆ ಒಳಗೇ ಗನ್ ಹಿಡಿದೆ. ಪಕ್ಕದಲ್ಲಿದ್ದ ಅಕ್ರಿಲಿಕ್ ರಿಸರ್ವಾಯರಿನಲ್ಲಿ, ಅಂದರೆ ನೀರಿನ ಪುಟ್ಟ ಟ್ಯಾಂಕಿನಲ್ಲಿ, ಕೂದಲೆಳೆಯಂಥ ಗೆರೆಗಳು ಮೂಡಿದವು, ಕಡೆಗೆ ಅದನ್ನು ಬದಲಿಸಬೇಕಾಯಿತು. ಅಕ್ರಿಲಿಕ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ, ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಅದಕ್ಕೇ ಹೇಳುತ್ತಿದ್ದೇನೆ, ಬಿಸಿಯ ಕೆಲಸ ಮೇಜಿನ ಮೇಲೆ ಮುಗಿಯಬೇಕು.

ಫಿಟ್ಟಿಂಗನ್ನು ಬಿಚ್ಚಿ ಹೊರಗೆ ತಂದು, ಹೋಸ್ ಏರಿಸಿ, ಬಳೆ ಬಿಗಿದು, ಆಮೇಲೆ ಅದು ಕೂರುವ ಜಿ 1/4 ಅಳತೆಯ ತಿರುಪಿನ ತೂತಿಗೆ ತಿರುಗಿಸಿದರಾಯಿತು. ಮೊದಲ ತುದಿಗೆ ಇದು ಸಲೀಸು. ತೊಡಕು ಇರುವುದು ಎರಡನೇ ತುದಿಯಲ್ಲಿ: ಫಿಟ್ಟಿಂಗ್ ತಿರುಗಿಸಿದರೆ ಅದರ ಜೊತೆಗೆ ಹೋಸೂ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಅಲ್ಲಿಗೆ ರೋಟರಿ ಫಿಟ್ಟಿಂಗ್ ಹಾಕಿ. ಅದರ ಕತ್ತು ತಾನಾಗಿ ತಿರುಗುವುದರಿಂದ ಹೋಸ್ ನೇರವಾಗಿ ನಿಲ್ಲುತ್ತದೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಅದು ಬೇಕೇ ಬೇಕು. ಫಿಟ್ಟಿಂಗಿನ ಓ ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಬಿಸಿಗೆ ಸಿಕ್ಕಿದೆ ಅನ್ನಿಸಿದರೆ ಹೊಸದು ಹಾಕಿ. ಫಿಟ್ಟಿಂಗ್ ಬಿಗಿಯಲು ಕೈಯಷ್ಟೇ ಸಾಕು, ಸ್ಪ್ಯಾನರ್ ಬೇಡ.

ಸೋರಿಕೆ ಪರೀಕ್ಷೆ

ಗಾಳಿ ಪಂಪ್ ಮತ್ತು ಗೇಜ್ ಇರುವ ಲೀಕ್ ಟೆಸ್ಟರ್ ಇದ್ದರೆ ಅರ್ಧ ಬಾರ್‌ನಷ್ಟು ಗಾಳಿ ತುಂಬಿ ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯಬಾರದು. ನೀರು ತುಂಬಿದ ಮೇಲೆ ಪವರ್ ಸಪ್ಲೈಗೆ ಪಂಪ್ ಒಂದನ್ನೇ ಜೋಡಿಸಿ, 24 ಪಿನ್ ಕನೆಕ್ಟರಿನ ಹಸಿರು ವಯರನ್ನು ಕಪ್ಪು ವಯರಿಗೆ ಜಂಪರ್ ಹಾಕಿ ಓಡಿಸಿ. ಬೋರ್ಡಿಗೆ, ಕಾರ್ಡಿಗೆ ಕರೆಂಟ್ ಕೊಡಬೇಡಿ. ಒಂದು ಹಗಲು, ಒಂದು ರಾತ್ರಿ ಓಡಲಿ.

ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಮಡಿಕೇರಿಯ ಮಳೆಗಾಲದಲ್ಲಿ ಆ ಪೇಪರ್ ಸುಮ್ನೆ ಇಟ್ಟರೂ ತಣ್ಣಗೆ, ಒದ್ದೆಯ ಹಾಗೇ ಇರುತ್ತದೆ. ಜುಲೈ–ಆಗಸ್ಟಿನ ಕಕ್ಕಡ ತಿಂಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಪೇಪರ್ ಯಾವ ಲೆಕ್ಕ? ಟಿಶ್ಯೂವನ್ನು ಒಲೆಯ ಹತ್ತಿರ ಕಾಯಿಸಿ ಗರಿಗರಿ ಮಾಡಿಕೊಂಡು ಇಡಿ. ಬಣ್ಣದ ಕೂಲಂಟ್ ಆದರೆ ಇನ್ನೂ ಒಳ್ಳೆಯದು, ಕಲೆ ಕಂಡರೆ ಅನುಮಾನವೇ ಇಲ್ಲ.

ಇಂಥ ಚಳಿಯಲ್ಲಿ ಹೋಸ್ ಬೆವರಿ ಬೋರ್ಡಿಗೆ ನೀರು ಇಳಿಯುತ್ತದೆ ಅಂತ ಹೆದರುವವರಿದ್ದಾರೆ. ರೇಡಿಯೇಟರ್ ಮತ್ತು ಫ್ಯಾನ್ ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರವು, ಹಾಗಾಗಿ ಓಡುತ್ತಿರುವ ಮೆಷಿನಿನಲ್ಲಿ ಹೋಸ್ ಬೆವರುವುದಿಲ್ಲ. ಒದ್ದೆ ಕಂಡರೆ ಅದು ಸೋರಿಕೆಯೇ.

ಒಳಗೆ ತುಂಬಲು ತೊರೆಯ ನೀರು ಬೇಡ, ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣ ಇರುತ್ತದೆ, ಪಾಚಿಯೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಪಾಚಿ ತಡೆಯುವ ದ್ರಾವಣ ಸೇರಿಸಿ, ಇಲ್ಲವೇ ರೆಡಿಮೇಡ್ ಕೂಲಂಟ್ ತನ್ನಿ.

ಬಳೆ ಬಿಚ್ಚಬೇಕಾದಾಗ ಬ್ಲೇಡಿನಲ್ಲಿ ಉದ್ದಕ್ಕೆ, ಮೆಲ್ಲಗೆ, ಎರಡು ಮೂರು ಸಲ ಗೀರಿ ಸೀಳಬೇಕು. ಒಂದೇ ಏಟಿಗೆ ಒತ್ತಿದರೆ ಬ್ಲೇಡ್ ಹೋಸಿಗೂ ಇಳಿಯುತ್ತದೆ. ಸೀಳಿದ ಬಳೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಜೂನ್ ಹಿಡಿದ ಮೇಲೆ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಕೊರಿಯರ್ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ, ಅದಕ್ಕೆ ಮೊದಲೇ ನಾಲ್ಕೈದು ಬಳೆ ಜಾಸ್ತಿ ತರಿಸಿಟ್ಟುಕೊಳ್ಳಿ.