ಕಾರ್ನಿಯಾದ ಕಲೆಗೆ ಲೇಸರ್: ನನ್ನ ಅನುಭವ

ಹಳ್ಳಿಗಳಲ್ಲಿ ‘ಕಣ್ಣಿಗೆ ಹೂವು ಬಿದ್ದಿದೆ’ ಎನ್ನುವ ಬಿಳಿ ಕಲೆಗಳೆಲ್ಲ ಲೇಸರಿನಿಂದ ಹೋಗುವುದಿಲ್ಲ ಎಂಬುದನ್ನು ನಾನು ರೋಗಿಗಳಿಗೆ ಮೊದಲೇ ತಿಳಿಸುತ್ತೇನೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಕಾರ್ನಿಯಾದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಕಲೆ ಮೇಲಿನ 100 ಮೈಕ್ರಾನಿನ ಆಸುಪಾಸಿನಲ್ಲಿಯೇ ಮುಗಿದಿದ್ದರೆ ಮಾತ್ರ ಪಿಟಿಕೆಗೆ, ಅಂದರೆ ಕಲೆಯಿರುವ ಮೇಲ್ಭಾಗವನ್ನು ಲೇಸರಿನಿಂದ ತೆಳುವಾಗಿ ತೆಗೆಯುವ ಚಿಕಿತ್ಸೆಗೆ, ಒಪ್ಪುತ್ತೇನೆ. ಅದಕ್ಕಿಂತ ಆಳಕ್ಕಿಳಿದದ್ದಕ್ಕೆ ಸಾಮಾನ್ಯವಾಗಿ ಕಾರ್ನಿಯಾ ಕಸಿಯೇ ದಾರಿ.

ನನ್ನ ಬಳಿಗೆ ಬಂದ ಶಿಕ್ಷಕಿಯೊಬ್ಬರ ಎರಡೂ ಕಾರ್ನಿಯಾಗಳಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಕಣಗಳಿದ್ದವು. ಅದು ಗ್ರ್ಯಾನ್ಯುಲರ್ ಡಿಸ್ಟ್ರೊಫಿ, ವಂಶಪಾರಂಪರ್ಯವಾಗಿ ಬರುವ ರೋಗ; ಅವರ ತಾಯಿಗೂ ಇತ್ತು. ದೃಷ್ಟಿ ಮಂಜಾಗಿದ್ದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ರೆಪ್ಪೆ ತೆರೆದೊಡನೆ ಕಾರ್ನಿಯಾದ ತೆಳುವಾದ ಮೇಲ್ಪೊರೆ ಕಿತ್ತುಬಂದು ಆಗುತ್ತಿದ್ದ ನೋವು ಅವರನ್ನು ಹಣ್ಣು ಮಾಡಿತ್ತು.

ಅರಿವಳಿಕೆಯ ಹನಿ ಹಾಕಿ, ಕೋಣೆಯ ದೀಪ ತಗ್ಗಿಸಿ, 193 ನ್ಯಾನೊಮೀಟರಿನ ಎಕ್ಸೈಮರ್ ಲೇಸರನ್ನು ಮೊದಲು ಮೇಲ್ಪೊರೆಯ ಮೇಲೆಯೇ ಹಾಯಿಸಿದೆ. ಕಿರಣ ತಾಗಿದಾಗ ಆ ಪೊರೆ ನೀಲಿಯಾಗಿ ಹೊಳೆಯುತ್ತದೆ. ನೀಲಿ ಆರಿ ಕಪ್ಪಾದ ಕಡೆ ಪೊರೆ ಮುಗಿದಿದೆಯೆಂದು ಅರ್ಥ. ಅಲ್ಲಿಂದ ಮುಂದಿನದೇ ನಿಜವಾದ ಕೆಲಸ. ಒಂದೊಂದು ಮಿಡಿತವೂ ಸುಮಾರು ಕಾಲು ಮೈಕ್ರಾನಿನಷ್ಟನ್ನು ತೆಗೆಯುತ್ತದೆ, ಆದರೆ ಉಬ್ಬು ಯಾವುದು, ತಗ್ಗು ಯಾವುದು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಮೀಥೈಲ್ ಸೆಲ್ಯುಲೋಸ್ ದ್ರವವನ್ನು ಸವರಿ ತಗ್ಗುಗಳನ್ನು ತುಂಬಿಸಿ, ಹೊರಗೆ ಉಳಿದ ಉಬ್ಬುಗಳನ್ನಷ್ಟೇ ಲೇಸರಿಗೆ ಒಡ್ಡಬೇಕು. ದ್ರವ ಹೆಚ್ಚಾದರೆ ಉಬ್ಬುಗಳೂ ಮುಳುಗುತ್ತವೆ, ಕಡಿಮೆಯಾದರೆ ಹಳೆಯ ಏರುತಗ್ಗೇ ಇನ್ನಷ್ಟು ಕೆಳಗೆ ಮೂಡುತ್ತದೆ. ನಡುನಡುವೆ ನಿಲ್ಲಿಸಿ, ಅವರನ್ನು ಎಬ್ಬಿಸಿ ಕೂರಿಸಿ, ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿ ಮತ್ತೆ ಮಲಗಿಸಿದೆ.

ಆರಂಭದ ವರ್ಷಗಳಲ್ಲಿ ಒಬ್ಬರ ಕಣ್ಣಿನಲ್ಲಿ ಕೊನೆಯ ಚುಕ್ಕೆಯವರೆಗೂ ತೆಗೆಯಲು ಹೋಗಿ ನಾನು ತಪ್ಪಿದ್ದೆ. ಕಾರ್ನಿಯಾ ತಿಳಿಯಾಯಿತು, ಆದರೆ ನಡುಭಾಗ ಚಪ್ಪಟೆಯಾಗಿ ಅವರಿಗೆ ದಪ್ಪ ಪ್ಲಸ್ ಕನ್ನಡಕ ಬಂತು. ಆ ನೋವು ನನ್ನಲ್ಲಿ ಇಂದಿಗೂ ಇದೆ. ಮೇಲ್ಮೈ ನಯವಾದರೆ ಸಾಕು, ಆಳದ ಕಣಗಳು ಉಳಿಯಲಿ ಎಂದು ಅಂದಿನಿಂದ ನಿರ್ಧರಿಸಿದ್ದೇನೆ. ಈ ಶಿಕ್ಷಕಿಯ ಕಣ್ಣಿನಲ್ಲಿಯೂ ಅವನ್ನು ಬಿಟ್ಟೆ.

ಮಬ್ಬು ಕಟ್ಟದಿರಲೆಂದು ಶೇಕಡಾ 0.02ರ ಮೈಟೊಮೈಸಿನ್ ಔಷಧವನ್ನು 30 ಸೆಕೆಂಡ್ ಇಟ್ಟು ಚೆನ್ನಾಗಿ ತೊಳೆದು, ಗಾಯವನ್ನು ಕಾಯುವ ಮೃದುವಾದ ಬ್ಯಾಂಡೇಜ್ ಲೆನ್ಸ್ ಹಾಕಿದೆ. ಮೊದಲೆರಡು ರಾತ್ರಿ ನೋವಿರುತ್ತದೆಂದು ಹೇಳಿದ್ದೆ, ಇತ್ತು. ನಾಲ್ಕನೆಯ ದಿನ ಮೇಲ್ಪೊರೆ ಕೂಡಿಕೊಂಡಿತು. ಬೆಳಗಿನ ನೋವು ಮರಳಲಿಲ್ಲ.

ಈಗ ಅಂಚಿನಲ್ಲಿ ಹೊಸ ಕಣಗಳು ಕಾಣತೊಡಗಿವೆ. ಈ ರೋಗ ಮರುಕಳಿಸುತ್ತದೆಂದು ಅವರಿಗೆ ತಿಳಿದಿದೆ. ಓದಲು ತೊಂದರೆಯಿಲ್ಲದ ಕಾರಣ, ಕಾರ್ನಿಯಾದ ಉಳಿದ ದಪ್ಪವನ್ನು ಬರೆದಿಟ್ಟುಕೊಂಡು ಸದ್ಯಕ್ಕೆ ಲೇಸರ್ ಬೇಡವೆಂದಿದ್ದೇನೆ.